ಟರ್ಬೊ ಕಾಲದಲ್ಲೂ ಸಹಜ ಉಸಿರಿನ ವಿ12: ಫೆರಾರಿಯ 8.50 ಕೋಟಿ ರೂ. ಕಾರಿನ ಬಗ್ಗೆ ಕಾರುಪ್ರಿಯರ ವಾದ ಏನು?

ನಾಂಪಲ್ಲಿ (ಹೈದರಾಬಾದ್): ಜಗತ್ತಿನ ವೇಗದ ಕಾರುಗಳೆಲ್ಲ ಒಂದೊಂದಾಗಿ ಟರ್ಬೊ, ಹೈಬ್ರಿಡ್, ಬ್ಯಾಟರಿ ಕಡೆಗೆ ಹೊರಳುತ್ತಿವೆ. ಇಂಥ ಹೊತ್ತಿನಲ್ಲಿ ಇಟಲಿಯ ಫೆರಾರಿ ಕಂಪನಿ ಟರ್ಬೊ ಇಲ್ಲದ, ಬ್ಯಾಟರಿ ಮೋಟರ್ ಇಲ್ಲದ 12 ಸಿಲಿಂಡರ್ ಎಂಜಿನ್ ಕಾರೊಂದನ್ನು ತಂದು, ಭಾರತದಲ್ಲಿ 8.50 ಕೋಟಿ ರೂಪಾಯಿ ಎಕ್ಸ್ ಶೋರೂಂ ಬೆಲೆಗೆ ಮಾರಾಟಕ್ಕಿಟ್ಟಿದೆ. ಹೆಸರು 12ಚಿಲಿಂಡ್ರಿ. ಇಟಾಲಿಯನ್ ಭಾಷೆಯಲ್ಲಿ 'ದೋದಿಚಿ ಚಿಲಿಂದ್ರಿ', ಅಂದರೆ 'ಹನ್ನೆರಡು ಸಿಲಿಂಡರ್' ಎಂದಷ್ಟೇ ಅರ್ಥ.

ಈ ಕಾರನ್ನು ಕೊಳ್ಳುವವರು ದೇಶದಲ್ಲಿ ಬೆರಳೆಣಿಕೆಯಷ್ಟು. ಆದರೆ ಅದರ ಬಗ್ಗೆ ಮಾತಾಡುವವರು ಲಕ್ಷಾಂತರ. ಸಣ್ಣ ಕಾರು, ಬೈಕ್ ಓಡಿಸುವವರೂ ಈ ಎಂಜಿನ್ ಪರ, ವಿರೋಧ ವಾದಕ್ಕಿಳಿದಿದ್ದಾರೆ. ಕೆಲವರಿಗೆ ಇದು ಕೊನೆಯ 'ನಿಜವಾದ' ಸ್ಪೋರ್ಟ್ಸ್ ಕಾರು. ಇನ್ನು ಕೆಲವರಿಗೆ ಹಣವಂತರ ಹಳೆಯ ಮೋಹ. ಕೊಳ್ಳಲಾಗದ ಕಾರಿನ ಬಗ್ಗೆ ಜನ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದೇಕೆ? ಈ ವಾದದ ಹಿಂದೆ ಇಂಧನ, ತೆರಿಗೆ, ಮಾಲಿನ್ಯ ನಿಯಮಗಳ ದೊಡ್ಡ ಕಥೆಯೇ ಇದೆ. ಕೋರ್ಟು, ಆಸ್ಪತ್ರೆ, ರೈಲು ನಿಲ್ದಾಣ ಒಂದಕ್ಕೊಂದು ಅಂಟಿಕೊಂಡಿರುವ ನಾಂಪಲ್ಲಿಯಂಥ ಕಡೆ ನಿಂತು ನೋಡಿದರೆ ಆ ಕಥೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ಕಾರಿನಲ್ಲಿ ಏನಿದೆ?

12ಚಿಲಿಂಡ್ರಿ ಅನಾವರಣಗೊಂಡಿದ್ದು 2024ರ ಮೇ ತಿಂಗಳಲ್ಲಿ, ಅಮೆರಿಕದ ಮಯಾಮಿಯಲ್ಲಿ. 6.5 ಲೀಟರ್ ಸಾಮರ್ಥ್ಯದ ವಿ12 ಎಂಜಿನ್ 830 ಪಿಎಸ್ ಶಕ್ತಿ, 678 ಎನ್‌ಎಂ ಟಾರ್ಕ್ ಕೊಡುತ್ತದೆ. ನಿಮಿಷಕ್ಕೆ 9,500 ಸುತ್ತು ತಿರುಗುವ ತಾಕತ್ತು ಅದಕ್ಕಿದೆ. ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು 2.9 ಸೆಕೆಂಡ್ ಸಾಕು. ಗರಿಷ್ಠ ವೇಗ ಗಂಟೆಗೆ 340 ಕಿ.ಮೀ.ಗೂ ಹೆಚ್ಚು.

ಫೆರಾರಿಗೂ 12 ಸಿಲಿಂಡರ್‌ಗೂ ಇರುವ ನಂಟು ಕಂಪನಿಯಷ್ಟೇ ಹಳೆಯದು. 1947ರಲ್ಲಿ ಬಂದ ಮೊದಲ ಫೆರಾರಿ 125 ಎಸ್ ಕಾರಿನಲ್ಲಿದ್ದದ್ದು ಕೇವಲ 1.5 ಲೀಟರ್ ಎಂಜಿನ್. ಆದರೆ ಅದರಲ್ಲೂ ಸಿಲಿಂಡರ್ 12 ಇದ್ದವು. ಹಾಗಾಗಿ ಈ ಎಂಜಿನ್ನನ್ನು ಕೈಬಿಟ್ಟರೆ ಕಂಪನಿಯ ಗುರುತೇ ಹೋದಂತೆ ಎಂದು ಹಳೆಯ ಅಭಿಮಾನಿಗಳು ಭಾವಿಸುತ್ತಾರೆ.

'ನ್ಯಾಚುರಲಿ ಆಸ್ಪಿರೇಟೆಡ್' ಅಂದರೇನು?

ಪೆಟ್ರೋಲ್ ಉರಿಯಲು ಗಾಳಿ ಬೇಕು. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರ್ ಒಳಗೆ ಒತ್ತಡ ಕುಸಿಯುತ್ತದೆ. ಆಗ ಹೊರಗಿನ ವಾತಾವರಣದ ಗಾಳಿ ತಾನಾಗಿಯೇ ಒಳನುಗ್ಗುತ್ತದೆ. ಹೀಗೆ ಸಹಜವಾಗಿ ಉಸಿರಾಡುವ ಎಂಜಿನ್ನೇ ನ್ಯಾಚುರಲಿ ಆಸ್ಪಿರೇಟೆಡ್ ಎಂಜಿನ್. ಕಾರುಪ್ರಿಯರ ಬಾಯಲ್ಲಿ ಚುಟುಕಾಗಿ 'ಎನ್‌ಎ'.

ಟರ್ಬೊ ಎಂಜಿನ್ ಹಾಗಲ್ಲ. ಹೊರಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿ, ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಇಂಧನ, ಹೆಚ್ಚು ಶಕ್ತಿ. ಸಣ್ಣ ಎಂಜಿನ್ನಿನಲ್ಲೇ ದೊಡ್ಡ ಎಂಜಿನ್ನಿನ ಬಲ ಸಿಗುತ್ತದೆ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಮೈಲೇಜ್ ಹಾಗೂ ಮಾಲಿನ್ಯದ ಅಂಕಿಗಳೂ ಚೆನ್ನಾಗಿ ಬರುತ್ತವೆ. ಕಂಪನಿಗಳು ಟರ್ಬೊ ಕಡೆ ವಾಲಲು ಮುಖ್ಯ ಕಾರಣ ಇದೇ.

ಪರ ಇರುವವರ ವಾದ: ವೇಗವಲ್ಲ, ಸ್ಪಂದನೆ

ಎನ್‌ಎ ಎಂಜಿನ್ ಪರ ಇರುವವರು ವೇಗದ ಮಾತೇ ಎತ್ತುವುದಿಲ್ಲ. ಎಕ್ಸಿಲರೇಟರ್ ಎಷ್ಟು ಒತ್ತಿದರೆ ಅಷ್ಟು, ಒತ್ತಿದ ಕ್ಷಣಕ್ಕೆ ಎಂಜಿನ್ ಸ್ಪಂದಿಸಬೇಕು ಎಂಬುದು ಅವರ ಮೊದಲ ಮಾತು. ಟರ್ಬೊ ಚಕ್ರಕ್ಕೆ ವೇಗ ಪಡೆಯಲು ಒಂದಿಷ್ಟು ಸಮಯ ಬೇಕು. ತಂತ್ರಜ್ಞಾನ ಸುಧಾರಿಸಿ ಆ ತಡ ತೀರಾ ಕಡಿಮೆಯಾಗಿದ್ದರೂ ಪೂರ್ತಿ ಹೋಗಿಲ್ಲ.

ಎರಡನೆಯದು, ಶಕ್ತಿ ಏರುವ ರೀತಿ. ಟರ್ಬೊ ಎಂಜಿನ್ ಕಡಿಮೆ ಸುತ್ತಿನಲ್ಲೇ ಬಹುಪಾಲು ಬಲ ಕೊಟ್ಟುಬಿಡುತ್ತದೆ. ಎನ್‌ಎ ಎಂಜಿನ್ ಸುತ್ತು ಏರಿದಂತೆ ಬಲ ಏರಿಸುತ್ತಾ ಹೋಗುತ್ತದೆ. 12ಚಿಲಿಂಡ್ರಿಯ ಗರಿಷ್ಠ ಶಕ್ತಿ ಸಿಗುವುದೇ 9,250 ಸುತ್ತಿನಲ್ಲಿ. ಚಾಲಕ ದುಡಿದು ಪಡೆಯುವ ಈ ಸುಖವೇ ಅಭಿಮಾನಿಗಳಿಗೆ ಬೇಕಾದದ್ದು.

ಮೂರನೆಯದು ಸದ್ದು. ಟರ್ಬೊ ಚಕ್ರ ಹೊಗೆಯ ಹಾದಿಯಲ್ಲೇ ಕುಳಿತಿರುವುದರಿಂದ ಎಂಜಿನ್ನಿನ ಸದ್ದು ಮಂಕಾಗುತ್ತದೆ. ಆ ಅಡ್ಡಿ ಇಲ್ಲದ 12 ಸಿಲಿಂಡರ್ ಎಂಜಿನ್ ಮೇಲಿನ ಸುತ್ತಿನಲ್ಲಿ ಹೊರಡಿಸುವ ತೀಕ್ಷ್ಣ ಸ್ವರಕ್ಕೆ ಸಾಟಿಯಿಲ್ಲ ಎಂಬುದರಲ್ಲಿ ಟರ್ಬೊ ಪರ ಇರುವವರೂ ಹೆಚ್ಚು ತಕರಾರು ತೆಗೆಯುವುದಿಲ್ಲ.

ಟೀಕಾಕಾರರ ವಾದ: 'ಸಹಜ'ದಲ್ಲೂ ಸಾಫ್ಟ್‌ವೇರ್

ಆದರೆ ಅಭಿಮಾನಿಗಳಲ್ಲೇ ಒಂದು ಗುಂಪು ಈ ಕಾರನ್ನು ಒಪ್ಪುತ್ತಿಲ್ಲ. ಅವರ ಆಕ್ಷೇಪಗಳಲ್ಲಿ ಹುರುಳಿದೆ.

ಮೊದಲ ಆಕ್ಷೇಪ ಟಾರ್ಕ್ ಬಗ್ಗೆ. ಈ ಸಾಲಿನ ಹಿಂದಿನ ಕಾರು 812 ಸೂಪರ್‌ಫಾಸ್ಟ್ 718 ಎನ್‌ಎಂ ಕೊಡುತ್ತಿತ್ತು. ಹೊಸದರಲ್ಲಿ ಅದು 678ಕ್ಕೆ ಇಳಿದಿದೆ. ಪೋರ್ಶೆಯ 911 ಜಿಟಿ3 ಕಥೆಯೂ ಇದೇ. ಅದರ 4 ಲೀಟರ್ ಎನ್‌ಎ ಎಂಜಿನ್ನಿನ ಶಕ್ತಿ 510 ಪಿಎಸ್‌ನಲ್ಲೇ ಉಳಿದರೂ ಟಾರ್ಕ್ 470ರಿಂದ 450 ಎನ್‌ಎಂಗೆ ಬಂದಿದೆ. ಬಿಗಿಯಾಗುತ್ತಿರುವ ಮಾಲಿನ್ಯ ನಿಯಮಗಳಿಗೆ ಹೊಂದಿಸಲು ಹೊಗೆಯ ಹಾದಿಯಲ್ಲಿ ಶೋಧಕಗಳನ್ನು ಇಡಬೇಕಾಗುತ್ತದೆ. ಅವು ಎಂಜಿನ್ನಿನ ಉಸಿರನ್ನೂ ಸದ್ದನ್ನೂ ಕಟ್ಟಿಹಾಕುತ್ತವೆ. 812ರ ಅಬ್ಬರ ಹೊಸ ಕಾರಿನಲ್ಲಿಲ್ಲ ಎಂಬ ದೂರು ಹುಟ್ಟಿದ್ದು ಇಲ್ಲಿಂದಲೇ.

ಎರಡನೇ ಆಕ್ಷೇಪ ಇನ್ನೂ ಸೂಕ್ಷ್ಮ. ಮೂರು ಮತ್ತು ನಾಲ್ಕನೇ ಗೇರ್‌ನಲ್ಲಿ ಟಾರ್ಕ್ ಹೇಗೆ ಏರಬೇಕು ಎಂಬುದನ್ನು ಈ ಕಾರಿನಲ್ಲಿ ಸಾಫ್ಟ್‌ವೇರ್ ತಿದ್ದುತ್ತದೆ. ಎಂಜಿನ್ ಬಲ ನಿಲ್ಲದೆ ಉಕ್ಕುತ್ತಿದೆ ಎಂಬ ಅನುಭವ ಚಾಲಕನಿಗೆ ಸಿಗಲಿ ಎಂಬುದು ಉದ್ದೇಶ. ಹಾಗಾದರೆ ಇದು 'ಸಹಜ' ಹೇಗಾಯಿತು ಎಂಬುದು ಟೀಕಾಕಾರರ ಪ್ರಶ್ನೆ. ಇಂಧನ ಸಿಂಪಡಿಸುವುದರಿಂದ ಕಿಡಿ ಹಾರಿಸುವವರೆಗೆ ಇಂದಿನ ಪ್ರತಿಯೊಂದು ಎಂಜಿನ್ನನ್ನೂ ಕಂಪ್ಯೂಟರ್ ನಡೆಸುತ್ತದೆ, ಇದರಲ್ಲಿ ಹೊಸದೇನೂ ಇಲ್ಲ ಎಂಬುದು ಇನ್ನೊಂದು ಬದಿಯ ಉತ್ತರ.

ಇನ್ನು ವಿನ್ಯಾಸದ ಬಗ್ಗೆಯೂ ಒಮ್ಮತವಿಲ್ಲ. ಮುಂಭಾಗದ ಕಪ್ಪು ಪಟ್ಟಿ 1968ರ ಡೇಟೋನಾ ಮಾದರಿಯನ್ನು ನೆನಪಿಸುತ್ತದೆ ಎಂದು ಕೆಲವರು ಖುಷಿಪಟ್ಟರೆ, ಹಳೆಯದರ ನಕಲು ಎಂದು ಕೆಲವರು ಮೂಗು ಮುರಿದಿದ್ದಾರೆ. ಮ್ಯಾನ್ಯುವಲ್ ಗೇರ್ ಇಲ್ಲ ಎಂಬ ಕೊರಗೂ ಇದೆ. ಚಾಲಕನೇ ದುಡಿಯಬೇಕು ಎನ್ನುವವರಿಗೆ 6 ಗೇರ್‌ನ ಮ್ಯಾನ್ಯುವಲ್ ಆಯ್ಕೆ ಇರುವ ಪೋರ್ಶೆ ಜಿಟಿ3 ಹೆಚ್ಚು ಇಷ್ಟ. ಅದರ ಬೆಲೆ ಭಾರತದಲ್ಲಿ 2.75 ಕೋಟಿ ರೂಪಾಯಿಯಿಂದ ಆರಂಭವಾಗಿತ್ತು.

ಅಂಕಿಯಲ್ಲಿ ಸೋತರೂ ಮಾರುಕಟ್ಟೆಯಲ್ಲಿ ಸೋಲಿಲ್ಲ

ಕಾಗದದ ಮೇಲಿನ ಲೆಕ್ಕ ನೋಡಿದರೆ ಎನ್‌ಎ ಎಂಜಿನ್ನಿಗೆ ಗೆಲುವಿಲ್ಲ. ಬ್ರಿಟನ್ನಿನ ಆಸ್ಟನ್ ಮಾರ್ಟಿನ್ ವ್ಯಾಂಕ್ವಿಶ್ ಕಾರಿನಲ್ಲೂ 12 ಸಿಲಿಂಡರ್ ಇವೆ. ಆದರೆ ಎರಡು ಟರ್ಬೊಗಳ ನೆರವಿನಿಂದ ಅದರ 5.2 ಲೀಟರ್ ಎಂಜಿನ್ 835 ಪಿಎಸ್ ಜೊತೆಗೆ 1,000 ಎನ್‌ಎಂ ಟಾರ್ಕ್ ಕೊಡುತ್ತದೆ. ಲ್ಯಾಂಬೋರ್ಗಿನಿ ರೆವುಯೆಲ್ಟೊ ತನ್ನ 6.5 ಲೀಟರ್ ಎನ್‌ಎ ವಿ12ಗೆ ಮೂರು ವಿದ್ಯುತ್ ಮೋಟರ್ ಸೇರಿಸಿ 1,015 ಪಿಎಸ್ ಮುಟ್ಟಿದೆ. ಭಾರತದಲ್ಲಿ ಈ ಎರಡೂ ಕಾರುಗಳ ಬೆಲೆ ಫೆರಾರಿಯ ಆಸುಪಾಸಿನಲ್ಲೇ, ಅಂದರೆ 9 ಕೋಟಿಯೊಳಗೆ ನಿಗದಿಯಾಗಿತ್ತು.

ಸಮಾನ ಬೆಲೆಗೆ ಕಡಿಮೆ ಬಲದ ಕಾರನ್ನು ಕೊಳ್ಳುವವರು ಇದ್ದಾರೆ ಎಂದರೆ, ಅವರು ಬಲಕ್ಕೆ ಹಣ ಕೊಡುತ್ತಿಲ್ಲ ಎಂದೇ ಅರ್ಥ. ವಿದ್ಯುತ್ ಕಾರುಗಳು ವೇಗವನ್ನು ಅಗ್ಗವಾಗಿಸಿವೆ. ವೇಗ ಎಲ್ಲರಿಗೂ ಸಿಕ್ಕರೆ ಶ್ರೀಮಂತಿಕೆಗೆ ಬೇರೆ ಗುರುತು ಬೇಕಾಗುತ್ತದೆ. ಕೀಲಿ ಕೊಡುವ ಕೈಗಡಿಯಾರ ಕ್ವಾರ್ಟ್ಜ್ ಗಡಿಯಾರಕ್ಕಿಂತ ನಿಖರವಲ್ಲದಿದ್ದರೂ ದುಬಾರಿಯಾದ ಹಾಗೆ, ಎನ್‌ಎ ಎಂಜಿನ್ ಕೂಡ ಉಪಯೋಗದಿಂದ ಸಂಗ್ರಹದ ಕಡೆಗೆ ಸರಿಯುತ್ತಿದೆ.

ಫೆರಾರಿಯ ಲೆಕ್ಕಾಚಾರವೂ ಇದನ್ನೇ ಹೇಳುತ್ತದೆ. 2030ರ ಹೊತ್ತಿಗೆ ತನ್ನ ಮಾದರಿಗಳಲ್ಲಿ ಶೇ 40 ಪೂರ್ಣ ವಿದ್ಯುತ್, ಶೇ 20 ಮಾತ್ರ ಪೆಟ್ರೋಲ್ ಎಂದು ಕಂಪನಿ 2022ರಲ್ಲಿ ಹೇಳಿತ್ತು. 2025ರ ಅಕ್ಟೋಬರ್‌ನಲ್ಲಿ ಆ ಲೆಕ್ಕವನ್ನು ತಿರುಗಿಸಿತು. ಈಗಿನ ಗುರಿ ಶೇ 40 ಪೆಟ್ರೋಲ್, ಶೇ 40 ಹೈಬ್ರಿಡ್, ಶೇ 20 ವಿದ್ಯುತ್.

ದಖ್ಖನ್ ಗಾಳಿಯಲ್ಲಿ ಎಷ್ಟು ಬಲ?

ಕಾರುಪ್ರಿಯರ ವಾದದಲ್ಲಿ ಅಷ್ಟಾಗಿ ಕೇಳಿಬರದ ಒಂದು ಸಂಗತಿ ಇದೆ. ಎನ್‌ಎ ಎಂಜಿನ್ ಊರಿನ ಗಾಳಿಯನ್ನೇ ನಂಬಿಕೊಂಡಿರುತ್ತದೆ. ಗಾಳಿ ತೆಳುವಾದರೆ ಅದರ ಬಲವೂ ಇಳಿಯುತ್ತದೆ.

ಹೈದರಾಬಾದ್ ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿದೆ. ಬೆಂಗಳೂರು ಸುಮಾರು 920 ಮೀಟರ್. ಎತ್ತರ ಹೆಚ್ಚಿದಂತೆ ಗಾಳಿಯ ಸಾಂದ್ರತೆ ಕಡಿಮೆ. ಬಿಸಿ ಗಾಳಿ ಇನ್ನಷ್ಟು ತೆಳು. ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಹೈದರಾಬಾದ್‌ನ ಗಾಳಿ, 25 ಡಿಗ್ರಿ ಉಷ್ಣತೆಯ ಕಡಲ ತೀರದ ಗಾಳಿಗಿಂತ ಸ್ಥೂಲವಾಗಿ ಶೇ 10ರಷ್ಟು ತೆಳುವಾಗಿರುತ್ತದೆ. ಅಂದರೆ ಕಾಗದದ ಮೇಲಿನ 830 ಪಿಎಸ್ ನಾಂಪಲ್ಲಿಯ ಬೇಸಿಗೆಯಲ್ಲಿ ಪೂರ್ತಿ ಸಿಗುವುದಿಲ್ಲ. ಟರ್ಬೊ ಎಂಜಿನ್ ಗಾಳಿಯನ್ನು ಒತ್ತಿ ತುಂಬುವುದರಿಂದ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಹಳೆಯ ಎನ್‌ಎ ಕಾರಿನಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಘಾಟಿ ಹತ್ತಿದವರಿಗೆ ಈ ಲೆಕ್ಕ ಅನುಭವದಿಂದಲೇ ಗೊತ್ತು.

ನಾಂಪಲ್ಲಿಯಲ್ಲಿ ಈ ಸದ್ದು ಯಾರಿಗೆ ಬೇಕು?

ಹೈದರಾಬಾದ್‌ಗೆ ಐಷಾರಾಮಿ ಕಾರು ಹೊಸದಲ್ಲ. ನಾಂಪಲ್ಲಿಯಿಂದ ಕೆಲವೇ ಕಿಲೋಮೀಟರ್ ದೂರದ ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಇಂದಿಗೂ ನಿಂತಿದೆ. ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಕಾಲದಲ್ಲಿ ಬಯಸಿದ ಈ ಕಾರು ಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಅದರ 7.4 ಲೀಟರ್ ಎಂಜಿನ್ ಕೂಡ ಸಹಜವಾಗಿ ಉಸಿರಾಡುವಂಥದ್ದೇ. ಆಗ ಹೆಚ್ಚುಕಡಿಮೆ ಎಲ್ಲ ಕಾರುಗಳೂ ಹಾಗೆಯೇ ಇದ್ದವು. ಆ ಕಾರಿನ ಹೆಸರಿನಲ್ಲಿ 'ಘೋಸ್ಟ್' ಸೇರಿದ್ದು ಸದ್ದಿಲ್ಲದೆ ಓಡುವ ಗುಣಕ್ಕೆ. ನೂರು ವರ್ಷದ ಹಿಂದೆ ಐಷಾರಾಮ ಎಂದರೆ ನಿಶ್ಶಬ್ದ. ಇಂದು ಅದೇ ವರ್ಗದ ಒಂದು ಭಾಗ ಸದ್ದಿಗಾಗಿ ಕೋಟಿಗಳನ್ನು ಸುರಿಯುತ್ತಿದೆ.

ಆದರೆ ನಾಂಪಲ್ಲಿಯ ರಸ್ತೆಗೆ ಬೇರೆಯದೇ ಲೆಕ್ಕವಿದೆ. ಇಲ್ಲಿ ಕ್ರಿಮಿನಲ್ ಕೋರ್ಟುಗಳಿವೆ. ಪಕ್ಕದ ರೆಡ್‌ ಹಿಲ್ಸ್‌ನಲ್ಲಿ ತಾಯಿ-ಮಕ್ಕಳ ನಿಲೋಫರ್ ಆಸ್ಪತ್ರೆ, ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ ಇವೆ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಚಿಕಿತ್ಸೆಗೆಂದು ಹೈದರಾಬಾದ್‌ಗೆ ಬರುವವರಿಗೆ ಈ ಬೀದಿಗಳು ಪರಿಚಿತ. ಪ್ರತಿ ವರ್ಷ ಜನವರಿ 1ರಿಂದ ನಡೆಯುವ ನುಮಾಯಿಷ್ ವಸ್ತುಪ್ರದರ್ಶನದ ದಿನಗಳಲ್ಲಂತೂ ಕಾಲಿಡಲು ಜಾಗವಿರುವುದಿಲ್ಲ.

2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ಕನಿಷ್ಠ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯ ಎಂದು ಗುರುತಿಸಬಹುದು. ಅಲ್ಲಿ ಹಗಲು 50 ಡೆಸಿಬಲ್, ರಾತ್ರಿ 40 ಡೆಸಿಬಲ್ ಮಿತಿ. ಸಾಮಾನ್ಯ ಸಂಚಾರದ ಗದ್ದಲವೇ ಈ ಮಿತಿಯನ್ನು ದಾಟುತ್ತದೆ. ಇನ್ನು ಮಾರ್ಪಡಿಸಿದ ಸೈಲೆನ್ಸರ್ ಹಾಕಿಕೊಂಡು ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 190(2) ಸೆಕ್ಷನ್ ಅಡಿ 10 ಸಾವಿರ ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಇಲ್ಲವೇ ಎರಡೂ ಆಗಬಹುದು. ಪೊಲೀಸರು ಬೈಕ್‌ಗಳ ಸೈಲೆನ್ಸರ್ ಕಿತ್ತು ರೋಡ್ ರೋಲರ್ ಹರಿಸುವ ದೃಶ್ಯ ಹಲವು ನಗರಗಳಲ್ಲಿ ಮಾಮೂಲು.

ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಕಾರ್ಖಾನೆಯಿಂದಲೇ ಪ್ರಮಾಣಪತ್ರದೊಂದಿಗೆ ಬರುವ ಸದ್ದು ಕಾನೂನುಬದ್ಧ. ಗ್ಯಾರೇಜಿನಲ್ಲಿ ಕೆಲವು ಸಾವಿರ ರೂಪಾಯಿ ಕೊಟ್ಟು ಹಾಕಿಸಿಕೊಂಡ ಸದ್ದು ಅಪರಾಧ. ಕಾನೂನಿನ ದೃಷ್ಟಿಯಲ್ಲಿ ಇದು ಸರಿಯೇ. ಏಕೆಂದರೆ ಮೊದಲನೆಯದನ್ನು ಅಳೆದು ಒಪ್ಪಿರುತ್ತಾರೆ, ಎರಡನೆಯದಕ್ಕೆ ಯಾವ ಅಳತೆಯೂ ಇಲ್ಲ. ಆದರೆ ಎರಡರ ಹಿಂದಿರುವ ಆಸೆ ಒಂದೇ ಎಂಬುದನ್ನು ಮರೆಯುವಂತಿಲ್ಲ. ರಾತ್ರಿ ಆಸ್ಪತ್ರೆಯ ಮುಂದೆ ಎಂಜಿನ್ ರೊಚ್ಚಿಗೆಬ್ಬಿಸಿದರೆ ಒಳಗಿರುವ ರೋಗಿಗೆ ಆ ವ್ಯತ್ಯಾಸದಿಂದ ಏನೂ ಆಗಬೇಕಾದ್ದಿಲ್ಲ.

ಓಡಿಸಲು ಜಾಗವೆಲ್ಲಿ ಎಂಬುದೂ ಪ್ರಶ್ನೆಯೇ. ಹೈದರಾಬಾದ್‌ನ 158 ಕಿ.ಮೀ. ಉದ್ದದ ಹೊರವರ್ತುಲ ರಸ್ತೆಯಲ್ಲಿ ಕಾರುಗಳಿಗೆ ವೇಗದ ಮಿತಿ ಗಂಟೆಗೆ 120 ಕಿ.ಮೀ. ಮೂರು ಸೆಕೆಂಡಿನಲ್ಲಿ 100 ದಾಟುವ ಕಾರಿಗೆ ಇದು ಆಟ ಶುರುವಾಗುವ ಮುನ್ನವೇ ಮುಗಿದ ಹಾಗೆ. 2023ರ ಫೆಬ್ರುವರಿ 11ರಂದು ಹುಸೇನ್ ಸಾಗರದ ದಡದಲ್ಲಿ ಅಂತರರಾಷ್ಟ್ರೀಯ ಕಾರು ರೇಸ್ ನಡೆದದ್ದೇನೋ ನಿಜ. ಆದರೆ ಅದು ಫಾರ್ಮುಲಾ ಇ, ಅಂದರೆ ವಿದ್ಯುತ್ ಕಾರುಗಳ ರೇಸ್. 2024ರಲ್ಲಿ ನಡೆಯಬೇಕಿದ್ದ ಎರಡನೇ ರೇಸ್ ರದ್ದಾಯಿತು.

ಪೆಟ್ರೋಲ್ ಬಂಕ್‌ನಲ್ಲೂ ಎರಡು ಸಾಲು

ಕಾರುಪ್ರಿಯರನ್ನು ಈಚೆಗೆ ಹೆಚ್ಚು ಕಾಡಿದ ವಿಷಯ ಇಂಧನ. ದೇಶದಾದ್ಯಂತ ಈಗ ಸಾಮಾನ್ಯವಾಗಿ ಸಿಗುವುದು ಶೇ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್. ಹಳೆಯ ವಾಹನಗಳು ಇದಕ್ಕೆ ಹೊಂದುತ್ತವೆಯೇ, ಮೈಲೇಜ್ ಎಷ್ಟು ಇಳಿಯುತ್ತದೆ ಎಂಬ ಆತಂಕ 2025ರಲ್ಲಿ ಜೋರಾಗಿ ಎದ್ದಿತು. ಎಥನಾಲ್ ಇಲ್ಲದ ಪೆಟ್ರೋಲ್ ಆಯ್ಕೆಯೂ ಬೇಕು ಎಂದು ಕೋರಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಕಬ್ಬು ಬೆಳೆಗಾರರಿಗೆ ಲಾಭ, ತೈಲ ಆಮದು ಕಡಿತ ಎಂಬುದು ಸರ್ಕಾರದ ಸಮರ್ಥನೆ.

ಹೆಚ್ಚು ಕಂಪ್ರೆಷನ್ ಇರುವ ಎಂಜಿನ್ನುಗಳಿಗೆ ಹೆಚ್ಚು ಆಕ್ಟೇನ್ ಇರುವ ಪೆಟ್ರೋಲ್ ಬೇಕು. ಇಂಡಿಯನ್ ಆಯಿಲ್ 2020ರ ಡಿಸೆಂಬರ್‌ನಲ್ಲಿ ಎಕ್ಸ್‌ಪಿ100 ಹೆಸರಿನ 100 ಆಕ್ಟೇನ್ ಪೆಟ್ರೋಲ್ ಬಿಡುಗಡೆ ಮಾಡಿತ್ತು. ಆಯ್ದ ನಗರಗಳ ಆಯ್ದ ಬಂಕ್‌ಗಳಲ್ಲಷ್ಟೇ ಸಿಗುವ ಇದರ ಬೆಲೆ ಲೀಟರಿಗೆ 160 ರೂಪಾಯಿ ಆಸುಪಾಸು. ಸೂಪರ್ ಕಾರಿನ ಮಾಲೀಕನಿಗೆ ಇದು ದೊಡ್ಡ ಮೊತ್ತವಲ್ಲ. ಹತ್ತು ವರ್ಷದ ಹಳೆಯ ಕಾರು ಅಥವಾ ಸ್ಕೂಟರ್ ಇಟ್ಟುಕೊಂಡವನಿಗೆ ಹಾಗಲ್ಲ, ಬಂಕ್‌ನಲ್ಲಿ ಹಾಕಿದ್ದೇ ಪೆಟ್ರೋಲ್. ನೀತಿ ಎಲ್ಲರಿಗೂ ಒಂದೇ ಆದರೂ ಅದರಿಂದ ತಪ್ಪಿಸಿಕೊಳ್ಳುವ ದಾರಿ ಮಾತ್ರ ಹಣವಿದ್ದವರಿಗೆ ತೆರೆದಿದೆ.

100 ರೂಪಾಯಿ ಕಾರು 294 ಆಗುವುದು ಹೇಗೆ?

ಕಾರಿನ ಬೆಲೆಯಲ್ಲಿ ಸರ್ಕಾರದ ಪಾಲೇ ದೊಡ್ಡದು. ಪೂರ್ತಿ ತಯಾರಾಗಿ ವಿದೇಶದಿಂದ ಬರುವ 40 ಸಾವಿರ ಡಾಲರ್ ಮೀರಿದ ಕಾರಿಗೆ 2025ರ ಬಜೆಟ್ ಪ್ರಕಾರ ಶೇ 70 ಮೂಲ ಸುಂಕ, ಶೇ 40 ಕೃಷಿ ಮೂಲಸೌಕರ್ಯ ಸೆಸ್, ಒಟ್ಟು ಶೇ 110. ಅದರ ಮೇಲೆ 2025ರ ಸೆಪ್ಟೆಂಬರ್ 22ರಿಂದ ಶೇ 40 ಜಿಎಸ್‌ಟಿ. ಬಂದರಿಗೆ ಬಂದಾಗ 100 ರೂಪಾಯಿ ಇದ್ದ ಕಾರು ಸುಂಕ ಸೇರಿ 210, ಜಿಎಸ್‌ಟಿ ಸೇರಿ 294 ರೂಪಾಯಿ ಆಗುತ್ತದೆ. ಡೀಲರ್ ಲಾಭ, ವಿಮೆ, ರಾಜ್ಯದ ರಸ್ತೆ ತೆರಿಗೆ ಬೇರೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆಯೇ ಶೇ 18, ಅದರ ಮೇಲೆ ಸೆಸ್. 8.50 ಕೋಟಿ ಕಾರಿಗೆ ಸೆಸ್ ಬಿಟ್ಟೇ 1.53 ಕೋಟಿ ರೂಪಾಯಿ.

ಈ ಹೊರೆಯಿಂದ ತಪ್ಪಿಸಿಕೊಳ್ಳುವ ಯತ್ನಗಳೂ ನಡೆದಿವೆ. ಬೆಂಗಳೂರಿನಲ್ಲಿ 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ತೆರಿಗೆ ಬಾಕಿಯ ಕಾರಣಕ್ಕೆ 30 ಐಷಾರಾಮಿ ಕಾರುಗಳನ್ನು ವಶಕ್ಕೆ ಪಡೆಯಿತು. ಅದೇ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿ ಎಸ್‌ಎಫ್90 ಕಾರೊಂದರ ಮಾಲೀಕರಿಂದ ಸುಮಾರು 1.42 ಕೋಟಿ ರೂಪಾಯಿ ತೆರಿಗೆ ಕಟ್ಟಿಸಿಕೊಂಡಿತು. ಹೈದರಾಬಾದ್‌ನ ಐಷಾರಾಮಿ ಕಾರುಗಳ ವ್ಯಾಪಾರಿಯೊಬ್ಬರನ್ನು 2025ರ ಮೇ ತಿಂಗಳಲ್ಲಿ ಡಿಆರ್‌ಐ ಬಂಧಿಸಿತು. ಆಮದು ಮಾಡಿದ ಕಾರುಗಳ ಬೆಲೆ ಕಡಿಮೆ ತೋರಿಸಿ ಸುಮಾರು 25 ಕೋಟಿ ರೂಪಾಯಿ ಸುಂಕ ವಂಚಿಸಿದ ಆರೋಪ ಅವರ ಮೇಲಿದೆ.

ಮುಂದೆ ಈ ಲೆಕ್ಕ ಬದಲಾಗಬಹುದು. 2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದ, ನಿಗದಿತ ಸಂಖ್ಯೆಯ ಮಿತಿಯೊಳಗೆ ಕಾರುಗಳ ಸುಂಕವನ್ನು ಕ್ರಮೇಣ ಶೇ 10ಕ್ಕೆ ಇಳಿಸುತ್ತದೆ. ಐರೋಪ್ಯ ಒಕ್ಕೂಟದೊಂದಿಗಿನ ಮಾತುಕತೆ 2026ರ ಜನವರಿ 27ರಂದು ಮುಗಿದಿದ್ದು, ಅಲ್ಲೂ ವರ್ಷಕ್ಕೆ 2.5 ಲಕ್ಷ ಕಾರುಗಳ ಮಿತಿಯಲ್ಲಿ ಸುಂಕವನ್ನು ಹಂತ ಹಂತವಾಗಿ ಶೇ 10ಕ್ಕೆ ತರುವ ಪ್ರಸ್ತಾಪವಿದೆ. ಸುಂಕ ಶೇ 10 ಆದರೆ ಅದೇ 100 ರೂಪಾಯಿ ಕಾರು ಜಿಎಸ್‌ಟಿ ಸೇರಿ 154ಕ್ಕೆ ನಿಲ್ಲುತ್ತದೆ. ಈ ಇಳಿಕೆಯನ್ನು ಕಂಪನಿಗಳು ಗ್ರಾಹಕರಿಗೆ ಪೂರ್ತಿ ದಾಟಿಸುತ್ತವೆಯೇ ಎಂಬುದು ಬೇರೆ ಪ್ರಶ್ನೆ.

ನಿಜವಾಗಿ ಕಳೆದುಹೋದದ್ದು ಯಾವುದು?

ಇಷ್ಟೆಲ್ಲ ಆದ ಮೇಲೂ ಮೊದಲ ಪ್ರಶ್ನೆ ಉಳಿದೇ ಇದೆ. ಕೊಳ್ಳಲಾಗದ ಕಾರಿನ ಬಗ್ಗೆ ಸಾಮಾನ್ಯರಿಗೇಕೆ ಇಷ್ಟು ಆಸ್ಥೆ?

ಉತ್ತರ ರಸ್ತೆಯಲ್ಲೇ ಇದೆ. ಎನ್‌ಎ ಎಂಜಿನ್ ಅಪರೂಪದ ವಸ್ತುವೇನಲ್ಲ. ದೇಶದ ಹೆಚ್ಚುಕಡಿಮೆ ಎಲ್ಲ ಪೆಟ್ರೋಲ್ ಬೈಕ್, ಸ್ಕೂಟರ್‌ಗಳಲ್ಲಿ ಇರುವುದು ಅದೇ. ಮಾರುತಿ ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್‌ನಲ್ಲೂ ಅದೇ. ಆಲ್ಟೊ ಕೆ10 ಕಾರಿನ ಮೂರು ಸಿಲಿಂಡರ್ ಎಂಜಿನ್ನೂ, 12ಚಿಲಿಂಡ್ರಿಯ ಹನ್ನೆರಡು ಸಿಲಿಂಡರ್ ಎಂಜಿನ್ನೂ ಉಸಿರಾಡುವ ವಿಧಾನ ಒಂದೇ. ಒಂದಕ್ಕೆ ಅಗ್ಗ ಎಂಬ ಕಾರಣಕ್ಕೆ, ಇನ್ನೊಂದಕ್ಕೆ ದುಬಾರಿ ಎಂಬ ಕಾರಣಕ್ಕೆ ಅದು ಉಳಿದುಕೊಂಡಿದೆ. ಹೋದದ್ದು ನಡುವಿನದು.

20-25 ವರ್ಷದ ಹಿಂದೆ ಮಧ್ಯಮ ವರ್ಗದ ಕೈಗೆಟುಕುವ ದೂರದಲ್ಲಿ ಇಂಥ ಹಲವು ಕಾರುಗಳಿದ್ದವು. 'ಜೋಶ್ ಮಷೀನ್' ಎಂದು ಜಾಹೀರಾತಾದ ಫೋರ್ಡ್ ಐಕಾನ್ 1.6, ಫಿಯೆಟ್ ಪಾಲಿಯೊ 1.6, ಹೋಂಡಾ ಸಿಟಿಯ ವಿಟೆಕ್ ಮಾದರಿ, ಆಮೇಲೆ ಬಂದ ಹೋಂಡಾ ಸಿವಿಕ್. ಇವು ಯಾವುವೂ ಸೂಪರ್ ಕಾರುಗಳಲ್ಲ. ಆದರೆ ಗೇರ್ ಇಳಿಸಿ, ಎಂಜಿನ್ ಸುತ್ತು ಏರಿಸಿ ಓಡಿಸುವ ಸುಖ ಏನೆಂದು ಒಂದು ತಲೆಮಾರಿಗೆ ಕಲಿಸಿದ್ದು ಇವೇ. ದೊಡ್ಡ ಆಸೆ ಇದ್ದವರಿಗೆ 2016ರಲ್ಲಿ 65 ಲಕ್ಷ ರೂಪಾಯಿಗೆ 5 ಲೀಟರ್ ವಿ8 ಎಂಜಿನ್ನಿನ ಫೋರ್ಡ್ ಮಸ್ಟ್ಯಾಂಗ್ ಬಂತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಜಾರಿಯಾದಾಗ ಅದೂ ಹೋಯಿತು. 2021ರಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆಯನ್ನೇ ನಿಲ್ಲಿಸುವುದಾಗಿ ಘೋಷಿಸಿತು.

ಇದಕ್ಕೆ ಅಭಿರುಚಿ ಬದಲಾದದ್ದಷ್ಟೇ ಕಾರಣವಲ್ಲ. 4 ಮೀಟರ್‌ಗಿಂತ ಗಿಡ್ಡ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಕಡಿಮೆ ತೆರಿಗೆ ಎಂಬ ನೀತಿ ವರ್ಷಗಳಿಂದ ಇದೆ. ಇಂದು ಆ ಗುಂಪಿಗೆ ಜಿಎಸ್‌ಟಿ ಶೇ 18, ಉಳಿದವಕ್ಕೆ ಶೇ 40. 1.6 ಲೀಟರ್ ಎನ್‌ಎ ಎಂಜಿನ್ ಇಟ್ಟರೆ ತೆರಿಗೆ ದುಪ್ಪಟ್ಟಿಗೂ ಹೆಚ್ಚು. 1 ಲೀಟರ್ ಟರ್ಬೊ ಇಟ್ಟರೆ ಅಷ್ಟೇ ಬಲ, ಕಡಿಮೆ ತೆರಿಗೆ. ಯಾವ ಕಂಪನಿಯಾದರೂ ಎರಡನೆಯದನ್ನೇ ಆರಿಸುತ್ತದೆ. ಹೋಂಡಾ ಸಿಟಿಯಂಥ ಕೆಲವು ಕಾರುಗಳಲ್ಲಿ 1.5 ಲೀಟರ್ ಎನ್‌ಎ ಎಂಜಿನ್ ಉಳಿದಿದೆಯಾದರೂ, ಸ್ಪೋರ್ಟ್ಸ್ ಕಾರು ಎನ್ನುವಂಥ ಹೊಸ ಎನ್‌ಎ ಕಾರು ಬೇಕೆಂದರೆ ಈಗ ಕೋಟಿಗಳಲ್ಲಿ ಲೆಕ್ಕ ಹಾಕಬೇಕು.

ಹಾಗಂತ ನಿಯಮಗಳೆಲ್ಲ ತಪ್ಪು ಎನ್ನಲಾಗದು. ಬಿಎಸ್6 ಬಂದದ್ದು ಉಸಿರಾಡುವ ಗಾಳಿಗಾಗಿ. ಶಬ್ದದ ಮಿತಿ ಇರುವುದು ನಿಲೋಫರ್‌ನಂಥ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ ಮಗುವಿಗಾಗಿ. ಆದರೆ ಈ ನಿಯಮಗಳ ಭಾರ ಎಲ್ಲರ ಮೇಲೂ ಒಂದೇ ಸಮ ಬಿದ್ದಿಲ್ಲ. ಕೆಲವೇ ಕಾರು ಮಾರುವ ಕಂಪನಿ ನಿಯಮಕ್ಕೆ ತಕ್ಕಂತೆ ಎಂಜಿನ್ ತಿದ್ದಿ, ಆ ಖರ್ಚನ್ನು ಶ್ರೀಮಂತ ಗ್ರಾಹಕನಿಂದ ವಸೂಲಿ ಮಾಡಬಲ್ಲದು. 12 ಲಕ್ಷದ ಕಾರಿನಲ್ಲಿ ಅದು ಸಾಧ್ಯವಿಲ್ಲ. ಕಾರುಪ್ರಿಯರ ಸಿಟ್ಟು ಫೆರಾರಿಯ ಹೆಸರಿನಲ್ಲಿ ಹೊರಬರುತ್ತಿದ್ದರೂ ಅದರ ಮೂಲ ಇರುವುದು ಇಲ್ಲಿ.

ಮುಂದೇನು?

ಐರೋಪ್ಯ ಒಕ್ಕೂಟ 2035ರಿಂದ ಹೊಸ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಪೂರ್ಣ ವಿರಾಮ ಹಾಕುವ ನಿಲುವನ್ನು 2025ರ ಡಿಸೆಂಬರ್‌ನಲ್ಲಿ ಸಡಿಲಿಸುವ ಪ್ರಸ್ತಾಪ ಮುಂದಿಟ್ಟಿದೆ. ಇಂಗಾಲದ ಹೊಗೆಯನ್ನು ಶೇ 100ರ ಬದಲು ಶೇ 90 ತಗ್ಗಿಸಿದರೆ ಸಾಕು ಎಂಬುದು ಅದರ ಸಾರ. ಇದು ಜಾರಿಯಾದರೆ ವಿ12ನಂಥ ಎಂಜಿನ್ನುಗಳಿಗೆ ಇನ್ನಷ್ಟು ಆಯುಷ್ಯ ಸಿಗಬಹುದು.

ಭಾರತದ ಕಾರುಪ್ರಿಯರು ಗಮನಿಸಬೇಕಾದದ್ದು ಮೂರು ಸಂಗತಿ. ಒಂದು, ವ್ಯಾಪಾರ ಒಪ್ಪಂದಗಳ ಸುಂಕ ಇಳಿಕೆ ಯಾವ ಬೆಲೆಯ ಕಾರುಗಳಿಗೆ, ಯಾವಾಗ ಅನ್ವಯವಾಗುತ್ತದೆ ಎಂಬುದು. ಎರಡು, ಎಥನಾಲ್ ಪ್ರಮಾಣ ಶೇ 20ರಿಂದ ಮೇಲೇರುತ್ತದೆಯೇ, ಹಳೆಯ ವಾಹನಗಳಿಗೆ ಕೈಗೆಟುಕುವ ಬೆಲೆಯ ಬೇರೆ ಇಂಧನ ಸಿಗುತ್ತದೆಯೇ ಎಂಬುದು. ಮೂರು, ಉದ್ದ ಮತ್ತು ಸಿಸಿ ಲೆಕ್ಕದ ತೆರಿಗೆ ಪದ್ಧತಿಯ ಬದಲು ನಿಜವಾದ ಮಾಲಿನ್ಯದ ಲೆಕ್ಕಕ್ಕೆ ತೆರಿಗೆ ಹಾಕುವ ವ್ಯವಸ್ಥೆ ಬರುತ್ತದೆಯೇ ಎಂಬುದು. ಮೊದಲನೆಯದು ಫೆರಾರಿ ಕೊಳ್ಳುವವರ ಲೆಕ್ಕವನ್ನು ಬದಲಿಸುತ್ತದೆ. ಎರಡು ಮತ್ತು ಮೂರನೆಯದು ನಾಂಪಲ್ಲಿ ನಿಲ್ದಾಣದ ಮುಂದೆ ಸ್ಕೂಟರ್ ನಿಲ್ಲಿಸಿ ರೈಲು ಹಿಡಿಯುವವರಿಗೂ ಸಂಬಂಧಿಸಿದ್ದು.